ತಿಮ್ಮಾಜಮ್ಮನ ಅಪ್ಪಣೆ

ನಮ್ಮೂರಿಗೆ ಮೊದಲ ಸಲ ಬರುವವರೆಲ್ಲ ಊರಂಚಿನ ಗಡಿಕಲ್ಲಿನ ಹತ್ತಿರ ಒಂದು ಸಲ ಮುಗ್ಗರಿಸಿಯೇ ಒಳಗೆ ಬರುತ್ತಾರೆ. ಅಲ್ಲಿಯವರೆಗೆ ಗಡಗಡ ಸದ್ದು ಮಾಡುತ್ತ ಹಿಂದೆ ಉರುಳಿಕೊಂಡು ಬರುತ್ತಿದ್ದ ಸೂಟ್‌ಕೇಸು, ಕಲ್ಲು ದಾಟಿದ ಕೂಡಲೇ ಹಟ ಹಿಡಿದ ಎಮ್ಮೆಯ ಹಾಗೆ ನಿಂತುಬಿಡುತ್ತದೆ. ಎಳೆದವರ ಭುಜ ಹಿಡಿದುಕೊಳ್ಳುತ್ತದೆ. ಕಲ್ಲಿನ ಪಕ್ಕದಲ್ಲಿ ಕೂತಿರುವ ಹಮಾಲರು ಎದುರಿಗೆ ನಗುವುದಿಲ್ಲ, ಅಷ್ಟು ಮರ್ಯಾದೆ ಅವರಿಗಿದೆ. ಮುಖ ಆ ಕಡೆ ತಿರುಗಿಸಿಕೊಂಡು ನಗುತ್ತಾರೆ. ನಮ್ಮೂರಲ್ಲಿ ಗಾಲಿ ತಿರುಗುವುದಿಲ್ಲ. ಸೈಕಲ್ಲಿಲ್ಲ, ಗಾಡಿಯಿಲ್ಲ, ಮಕ್ಕಳಿಗೆ ನಡೆಯಲು ಕಲಿಸುವ ಮೂರುಗಾಲಿ ಬಂಡಿಯೂ ಇಲ್ಲ. ಹಾಗಾದರೆ ಬಾಟಲಿಯ ಮುಚ್ಚಳ ಹೇಗೆ ತಿರುಗುತ್ತದೆ, ಕಾಫಿ ಬೀಜ ಪುಡಿ ಮಾಡುವ ಯಂತ್ರ ಹೇಗೆ ತಿರುಗುತ್ತದೆ ಎಂದು ಕೇಳುವ ಬುದ್ಧಿವಂತರು ಆಗಾಗ ಬರುತ್ತಾರೆ. ಅಂಥವರ ಕೈಗೆ ನಾನು ಒಂದು ಬಿಸಿ ಲೋಟ ಕೊಟ್ಟು ಬಾಯಿ ಮುಚ್ಚಿಸುತ್ತೇನೆ. ನಮ್ಮೂರು ಇವತ್ತಿನವರೆಗೆ ಯಾರಿಗೂ ಉತ್ತರ ಕೊಟ್ಟದ್ದಿಲ್ಲ.

ನಾನು ಪಾಪಣ್ಣ. ಪೇಟೆಬೀದಿಯ ಮೊದಲಲ್ಲೇ ನನ್ನ ಕಾಫಿ ಹೋಟೆಲಿದೆ. ನನ್ನ ಕಾಫಿಯನ್ನು ನಾನೇ ಹೊಗಳಿಕೊಳ್ಳಬಾರದು ನಿಜ, ಆದರೆ ಬೇರೆ ಯಾರೂ ಹೊಗಳದೆ ಇರುವುದರಿಂದ ಆ ಕೆಲಸವೂ ನನ್ನ ತಲೆಗೇ ಬಂದಿದೆ. ಈಗ ಹೇಳಹೊರಟದ್ದು ನನ್ನ ಕಥೆಯಲ್ಲ. ಅದೇ ಬೀದಿಯ ತಿರುವಿನಾಚೆ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡಿರುವ ವನಮಾಲಾ, ಮತ್ತು ಅವಳ ಅತ್ತೆ ತಿಮ್ಮಾಜಮ್ಮ, ಇವರಿಬ್ಬರ ಕಥೆ. ನಡುವೆ ನನ್ನ ಕಾಫಿ ಬಂದರೆ ಅದು ಕಾಫಿಯ ಅದೃಷ್ಟ.

ಎಲ್ಲರೂ ಕಾಲಲ್ಲೇ ಓಡಾಡುವ ಊರಲ್ಲಿ ಯಾರು ಯಾರ ಮುಂದೆ ನಡೆಯಬೇಕು ಎಂಬುದು ಸಣ್ಣ ವಿಷಯವಲ್ಲ. ನಮ್ಮಲ್ಲಿ ಹಿರಿಯರನ್ನು ಕೇಳದೆ ದಾಟಿ ಹೋಗುವ ಹಾಗಿಲ್ಲ. ಹತ್ತಿರ ಹೋಗಿ, ಸಣ್ಣಗೆ ಕೆಮ್ಮಿ, "ಅಪ್ಪಣೆ ಆಗ್ಲಿ" ಅನ್ನಬೇಕು. ಅವರು "ಹೋಗಿ ಬಾ" ಎಂದರೆ ದಾಟಬಹುದು. ಅನ್ನದಿದ್ದರೆ ಅವರ ಬೆನ್ನು ನೋಡಿಕೊಂಡು ಹಿಂದೆಯೇ ನಡೆಯಬೇಕು. ತಲೆಯ ಮೇಲೆ ಹೊರೆ ಇದ್ದವರಿಗೆ ಮಾತ್ರ ವಿನಾಯಿತಿ; ಆದ್ದರಿಂದಲೇ ನಮ್ಮ ಕಾಲೇಜು ಹುಡುಗರು ಖಾಲಿ ಬುಟ್ಟಿ ಹೊತ್ತುಕೊಂಡು ಕ್ಲಾಸಿಗೆ ಓಡುವುದು. ಊರಿಗೆಲ್ಲ ಹಿರಿಯರಾದ ಸಿದ್ದಲಿಂಗಯ್ಯನವರು ಸಂಜೆ ಕೋಲು ಹಿಡಿದು ಗಾಳಿ ಸೇವನೆಗೆ ಹೊರಟರೆಂದರೆ ಅರ್ಧ ಊರು ಅವರ ಹಿಂದೆ. ಅವರಿಗೆ ಕಿವಿ ಮಂದ ಬೇರೆ. ಒಂದು ಸಲ ಮದುವೆ ಗಂಡೊಬ್ಬ ಅವರ ಹಿಂದೆ ಸಿಕ್ಕಿಕೊಂಡು, ಕೆಮ್ಮಿ ಕೆಮ್ಮಿ ಗಂಟಲು ಕಟ್ಟಿ, ಧಾರೆಯ ಹೊತ್ತಿಗೆ ಅವನ ಬಾಯಿಂದ ಸ್ವರವೇ ಹೊರಡಲಿಲ್ಲ. ಹುಡುಗಿ ಮಾತ್ರ ಖುಷಿಯಾಗಿದ್ದಳು. ಇನ್ನು, ಹಿರಿಯರು ಕೊಡದ ಅಪ್ಪಣೆಯನ್ನು ಕೊಟ್ಟರೆಂದು ಸುಳ್ಳು ಹೇಳುವುದಿದೆಯಲ್ಲ, ಅದನ್ನು ಮಾತ್ರ ನಮ್ಮೂರು ಹೊಟ್ಟೆಗೆ ಹಾಕಿಕೊಳ್ಳುವುದಿಲ್ಲ. ಹಾಗೆ ಮಾಡಿದವರು ಒಂದು ವರ್ಷ ಊರಿನ ಎಲ್ಲರ ಹಿಂದೆ ನಡೆಯಬೇಕು. ಎಲ್ಲರ ಎಂದರೆ, ಅಂಬೆಗಾಲಿಡುವ ಮಗುವಿನ ಹಿಂದೆ ಕೂಡ.

ವನಮಾಲಾ ಮದುವೆಯಾಗಿ ಬಂದ ದಿನದಿಂದ ತಿಮ್ಮಾಜಮ್ಮನ ಹಿಂದೆಯೇ ನಡೆಯುತ್ತಿದ್ದಳು. ಅವಳ ಗಂಡ ಹಮಾಲ. ಬೆಳಗಾದರೆ ಮೂಟೆ ಹೊತ್ತು ಎಲ್ಲರನ್ನೂ ದಾಟಿಕೊಂಡು ಹೋಗಿಬಿಡುತ್ತಿದ್ದ. ಅತ್ತೆ ಸೊಸೆ ಇಬ್ಬರೇ ಪೇಟೆಗೆ ಬರುತ್ತಿದ್ದರು. ತಿಮ್ಮಾಜಮ್ಮನಿಗೆ ಬೀದಿಯಲ್ಲಿ ಕಂಡದ್ದೆಲ್ಲ ಬೇಕು. ಹೂವಿನಂಗಡಿಯಲ್ಲಿ ಒಂದು ಮಾತು, ಬಾವಿಕಟ್ಟೆಯಲ್ಲಿ ಒಂದು ಕೂರುವಿಕೆ, ಸೊಪ್ಪಿನವಳ ಹತ್ತಿರ ಕೊಳ್ಳದ ಸೊಪ್ಪಿಗೆ ಚೌಕಾಸಿ. ವನಮಾಲಾ ಹಿಂದೆ ನಿಂತು ಕೆಮ್ಮುತ್ತಿದ್ದಳು. "ಅತ್ತೆ, ಅಪ್ಪಣೆ ಆಗ್ಲಿ, ಅಂಗಡಿ ಬಾಗಿಲು ತೆಗೀಬೇಕು" ಎಂದರೆ "ಶುಂಠಿ ಕಷಾಯ ಕುಡಿ, ಕೆಮ್ಮು ಹೋಗುತ್ತೆ" ಎಂಬ ಉತ್ತರ. ಅಪ್ಪಣೆ ಕೊಡುವುದರಲ್ಲಿ ತಿಮ್ಮಾಜಮ್ಮನಷ್ಟು ಬಿಗಿ ಕೈ ಊರಲ್ಲಿ ಇನ್ನೊಬ್ಬರದಿರಲಿಲ್ಲ. ವನಮಾಲಾ ಒಂದು ಸಲ ಬುಟ್ಟಿ ಹೊತ್ತು ಬಂದಳು. ಅತ್ತೆ ಬುಟ್ಟಿ ಇಳಿಸಿ, ಒಳಗೆ ನೋಡಿ, ಅದರಲ್ಲಿ ತಮ್ಮ ಎಲೆಯಡಿಕೆ ಚೀಲ ಇಟ್ಟು, "ಈಗ ಹೊರೆ ಆಯ್ತು. ಆದ್ರೆ ನನ್ನ ಚೀಲ ನನ್ನ ಮುಂದೆ ಹೋಗ್ಬಾರ್ದು" ಎಂದರು. ಆ ಹೆಣ್ಣುಮಗಳು ಎಲ್ಲದಕ್ಕೂ ತಡವಾಗಿ ಬರುವವಳು ಎಂದೇ ಊರಿಗೆ ಹೆಸರಾದಳು.

ಇಂಥ ಊರಿಗೆ ಕಾರ್ ರೇಸಿನ ಹುಚ್ಚು ಹಿಡಿಯಿತು ಎಂದರೆ ನಂಬುವುದು ಕಷ್ಟ. ಆದರೆ ಗಾಲಿಯ ಮೇಲೆ ಕೂರದವರಿಗೇ ಅಲ್ಲವೇ ಗಾಲಿಯ ಆಸೆ ಜಾಸ್ತಿ? ಕುರ್ಚಿಯಲ್ಲಿ ಕೂತು, ಪರದೆ ನೋಡುತ್ತ, ಕಾಲ ಕೆಳಗಿನ ಪೆಡಲು ಒತ್ತಿ ಓಡಿಸುವ ಕಾರು. ಸಿಮ್ ರೇಸಿಂಗ್ ಎನ್ನುತ್ತಾರೆ. ಚನ್ನಕೇಶವ ಮತ್ತು ಮುಬಾರಕ್ ಎಂಬ ಇಬ್ಬರು ಹುಡುಗರು ಅದರ ಸಾಮಾನನ್ನೆಲ್ಲ ತಲೆಯ ಮೇಲೆ ಹೊತ್ತು ತಂದು ನನ್ನ ಹೋಟೆಲಿನ ಹಿಂದಿನ ಹಜಾರದಲ್ಲಿ ಜೋಡಿಸಿದರು. ಎಲ್ಲ ಸರಿಯಾಯಿತು, ಸ್ಟೇರಿಂಗು ಮಾತ್ರ ಅಲ್ಲಾಡಲಿಲ್ಲ. ದುಂಡಗಿತ್ತಲ್ಲ! ಮುಬಾರಕ್ ಬಡಗಿಯ ಮಗ. ಗರಗಸ ತಂದು ಸ್ಟೇರಿಂಗಿನ ಮೇಲ್ಭಾಗ ಕೆಳಭಾಗ ಎರಡನ್ನೂ ಕತ್ತರಿಸಿ ಎಸೆದ. ಆಮೇಲೆ ಅದು ಬೆಣ್ಣೆಯ ಹಾಗೆ ತಿರುಗಿತು. ಆವತ್ತಿನಿಂದ ಭಾನುವಾರ ಮಧ್ಯಾಹ್ನವೆಂದರೆ ನನ್ನ ಹೋಟೆಲಿನ ಬಿಳಿ ಗೋಡೆಯ ಮೇಲೆ ರೇಸು, ಗೋಡೆಯ ಮುಂದೆ ಊರು.

ರೇಸಿನ ಚಿತ್ರ ಹಾಕಿದರಷ್ಟೇ ಸಾಲದು. ಯಾರು ಮುಂದೆ, ಯಾರು ಹಿಂದೆ, ನಡುವೆ ಎಷ್ಟು ಅಂತರ, ಎಷ್ಟು ಸುತ್ತು ಬಾಕಿ ಎಂದು ಚಿತ್ರದ ಮೇಲೇ ಪಟ್ಟಿ ಹಾಕಿ ತೋರಿಸಬೇಕು. ಅದಕ್ಕೆ ಓವರ್‌ಲೇ ಎಂದು ಹೆಸರು. ಹೆಸರು ಬರೆಯುವ ಕೆಲಸ ಎಂದ ಕೂಡಲೇ ಎಲ್ಲರೂ ವನಮಾಲಾಳ ಕಡೆ ನೋಡಿದರು. ಅವಳಿಗೆ ಗೊತ್ತಿದ್ದದ್ದು ಹುಟ್ಟುಹಬ್ಬದ ಫ್ಲೆಕ್ಸು. ಮೊದಲ ಓವರ್‌ಲೇ ಹಾಗೆಯೇ ಬಂತು: ನಾಲ್ಕೂ ಮೂಲೆಯಲ್ಲಿ ತಾವರೆ, ಮೇಲೆ ತೋರಣ, ಸುತ್ತ ಓಟಗಾರರ ಕೈಮುಗಿದ ಫೋಟೊ, ಕಪ್ಪು ಕನ್ನಡಕ, ಕೆಳಗೆ "ಶುಭ ಕೋರುವವರು" ಎಂದು ಅರವತ್ತು ಜನ. ನಡುವೆ ವೀಳ್ಯದೆಲೆಯಷ್ಟು ಜಾಗದಲ್ಲಿ ಕಾರು. ಊರಿಗೆ ಬಹಳ ಇಷ್ಟವಾಯಿತು. ಕಾರು ಕಾಣುವುದಿಲ್ಲ ಎಂದು ಗೊಣಗಿದವನು ಕಾರು ಓಡಿಸುತ್ತಿದ್ದ ಚನ್ನಕೇಶವನೊಬ್ಬನೇ.

ಸುಳ್ಳು ಯಾಕೆ ಹೇಳಲಿ, ವನಮಾಲಾ ಬೇಗ ಕಲಿತಳು. ತಾವರೆ ತೆಗೆದಳು, ಫೋಟೊ ಸಣ್ಣದು ಮಾಡಿದಳು, ಪಟ್ಟಿಯನ್ನು ಎಡಗಡೆಗೆ ಸರಿಸಿದಳು. ಆಗ ನಿಜವಾದ ತೊಡಕು ಎದ್ದಿತು. ನಮ್ಮ ಹುಡುಗರು ಪರದೆಯ ಮೇಲೆ ಕೂಡ ಹಿರಿಯರ ಕಾರನ್ನು ಕೇಳದೆ ದಾಟುತ್ತಿರಲಿಲ್ಲ. ಓಡಿಸುವಾಗ ಕಿವಿಗೆ ಹೆಡ್‌ಫೋನು. ಕೆಮ್ಮಿದರೆ ಯಾರಿಗೆ ಕೇಳಬೇಕು? ವನಮಾಲಾ ಅದಕ್ಕೊಂದು ದಾರಿ ಕಂಡುಹಿಡಿದಳು. ಸ್ಟೇರಿಂಗಿನ ಬಲಗಡೆ ಹೆಬ್ಬೆರಳಿಗೆ ಸಿಗುವ ಹಾಗೆ ಒಂದು ಕೆಂಪು ಗುಂಡಿ ಇದೆ, ಹಾರನ್ನಿನದು. ಹಿರಿಯರು ಅದನ್ನು ಒತ್ತಿದರೆ ಓವರ್‌ಲೇಯಲ್ಲಿ ಅವರ ಹೆಸರಿನ ಪಕ್ಕ ಚೆಂಡುಹೂವಿನ ಬಣ್ಣದ ದೀಪ ಹತ್ತಿ, "ಅಪ್ಪಣೆ ಆಗಿದೆ. ಹೋಗಿ ಬನ್ನಿ" ಎಂದು ಬರುತ್ತಿತ್ತು. ಓಟಗಾರರ ಪಕ್ಕದಲ್ಲಿದ್ದ ಸಣ್ಣ ಪರದೆಯಲ್ಲಿ ಇದೇ ಪ್ರಸಾರ ಕಾಣುತ್ತಿತ್ತಾದ್ದರಿಂದ ಹಿಂದಿದ್ದವರು ಅದನ್ನು ನೋಡಿ, ಕೂತಲ್ಲೇ ಕೈಮುಗಿದು, ದಾಟುತ್ತಿದ್ದರು. ಕೈಮುಗಿಯಲು ಸ್ಟೇರಿಂಗು ಬಿಟ್ಟು ಗೋಡೆಗೆ ಗುದ್ದಿಕೊಂಡವರ ಲೆಕ್ಕ ಬೇರೆ.

ತಿಮ್ಮಾಜಮ್ಮ ಓಡಿಸಲು ಕೂತದ್ದು ಸೊಸೆ ಅಲ್ಲಿ ಏನು ಮಾಡುತ್ತಾಳೆ ಎಂದು ನೋಡಿಕೊಳ್ಳಲು. ಕೂತವರು ಏಳಲಿಲ್ಲ. ರಸ್ತೆಯ ನಟ್ಟನಡುವೆ, ಹೂವಿನಂಗಡಿಗೆ ಹೋಗುವ ವೇಗದಲ್ಲೇ ಓಡಿಸುತ್ತಿದ್ದರು. ಕೆಂಪು ಗುಂಡಿ ಒತ್ತಿದ್ದು ಕಾಣೆ. ಹಿಂದೆ ಕಾರುಗಳ ಸಾಲು. ಓವರ್‌ಲೇಯಲ್ಲಿ ತಾವು ಎಷ್ಟನೆಯವರು ಎಂದು ಆಕೆ ನೋಡುತ್ತಲೇ ಇರಲಿಲ್ಲ. ಬೇಕಾದದ್ದು ಒಂದೇ: ನನ್ನ ಹಿಂದೆ ಯಾರು, ಎಷ್ಟು ದೂರದಲ್ಲಿ. "ಆ ಹಿಂದಿನವರ ಹೆಸ್ರು ಇಷ್ಟು ಸಣ್ಣದಾಗಿ ಹಾಕಿದೀಯಲ್ಲ, ದೊಡ್ಡದು ಮಾಡೇ" ಎಂದು ಸೊಸೆಯನ್ನು ಪೀಡಿಸಿ ಆ ಅಕ್ಷರವನ್ನು ಎರಡು ಪಟ್ಟು ಮಾಡಿಸಿಕೊಂಡರು.

"ಯಾರಿಗೆ ಅಡ್ಡ ಹಾಕ್ಬೇಕು ಅಂತ ತಿಳ್ಕೊಳ್ಳೋಕೆ ಪಾಪಣ್ಣ, ಇನ್ಯಾಕೆ!" ಎಂದು ವನಮಾಲಾ ನನ್ನ ಹತ್ತಿರ ಹೇಳಿಕೊಂಡು ನಕ್ಕಳು. ನಗುವಿನಲ್ಲಿ ಅರ್ಧ ಸಿಟ್ಟಿತ್ತು. ನನಗೂ ಹಾಗೇ ಅನ್ನಿಸಿತ್ತು.

ಆ ಹೊತ್ತಿಗೆ ಹೊರಗಿನ ದೊಡ್ಡ ಲೀಗಿನವರು ನಮ್ಮ ಹುಡುಗರ ಓಟ ನೋಡಿ ಒಂದು ರೇಸಿಗೆ ಕರೆದರು. ತಂಡಕ್ಕೆ ಮೂರು ಜನ ಬೇಕು. ಮೂರನೆಯವರು ಯಾರು ಎಂದು ಆರಿಸಲು ನಮ್ಮಲ್ಲೇ ಒಂದು ಓಟ ಇಟ್ಟೆವು. ಯಾರಿಗೂ ತಿಮ್ಮಾಜಮ್ಮನನ್ನು ದಾಟಲಾಗಲಿಲ್ಲ. ಆಕೆಯೇ ಆಯ್ಕೆಯಾದರು. ನಿಯಮ ಎಂದರೆ ನಿಯಮ.

ರೇಸಿನ ದಿನ ಲೀಗಿನಿಂದ ಪ್ರಣೀತ್ ಎಂಬಾತ ಬಂದ. ಭುಜ ಉಜ್ಜಿಕೊಳ್ಳುತ್ತಲೇ ಬಂದ. ಒಳ್ಳೆಯ ಹುಡುಗ, ಆದರೆ ಎಲ್ಲದಕ್ಕೂ "ಸ್ಟ್ಯಾಂಡರ್ಡ್" ಎಂಬ ಮಾತು. ಅವನು ತಂದ ಓವರ್‌ಲೇ ಸ್ಟ್ಯಾಂಡರ್ಡು, ಎಲ್ಲ ಊರಿಗೂ ಒಂದೇ. ಕಪ್ಪು ಪಟ್ಟಿ, ಬಿಳಿ ಅಕ್ಷರ, ಅಷ್ಟೇ. ವನಮಾಲಾ ಅದನ್ನು ನಡೆಸಿಕೊಡಬೇಕು. ಯಾವ ಕಾರಿನ ಮೇಲೆ ಕ್ಯಾಮೆರಾ, ಯಾವಾಗ ಯಾರ ಹೆಸರು ಎಂಬುದೆಲ್ಲ ಅವಳ ಕೈಯಲ್ಲಿ. ಚೆನ್ನಾಗಿ ಮಾಡಿದರೆ ಇಡೀ ಸೀಸನ್ನಿನ ಪ್ರಸಾರ ಅವಳಿಗೇ. ಅವಳು ಎಂದೂ ಯಾವುದನ್ನೂ ಇಷ್ಟು ಆಸೆಪಟ್ಟದ್ದನ್ನು ನಾನು ನೋಡಿರಲಿಲ್ಲ. ಹಿಂದಿನ ರಾತ್ರಿ ಅಂಗಡಿಯಲ್ಲೇ ಮಲಗಿದ್ದಳು, ಬೆಳಿಗ್ಗೆ ಅತ್ತೆಯ ಹಿಂದೆ ಸಿಕ್ಕಿಕೊಂಡು ತಡವಾಗಬಾರದೆಂದು.

"ಸರ್, ಇದ್ರಲ್ಲಿ ಅಪ್ಪಣೆ ದೀಪ ಇಲ್ವಲ್ಲ" ಎಂದಳು.

"ಏನು ದೀಪ?" ಎಂದ ಪ್ರಣೀತ್.

ಅವಳು ವಿವರಿಸಿದಳು. ಅವನು ನಕ್ಕ. "ಅದಕ್ಕೆ ನೀಲಿ ಬಾವುಟ ಇದೆಯಲ್ಲ ಮೇಡಂ. ಹಿಂದಿನಿಂದ ವೇಗದ ಕಾರು ಬಂದರೆ ನಿಧಾನದ ಕಾರಿಗೆ ನೀಲಿ ಬಾವುಟ. ಅವರು ದಾರಿ ಬಿಡಬೇಕು."

"ಬಿಡ್ಬೇಕು ಅಂತ ಹಿರಿಯರಿಗೆ ಬಾವುಟ ಹೇಳೋದಾ?" ವನಮಾಲಾಳ ಬಾಯಿ ತೆರೆದೇ ಇತ್ತು.

"ಸ್ಟ್ಯಾಂಡರ್ಡ್ ಮೇಡಂ. ಏನೂ ಸೇರಿಸೋ ಹಾಗಿಲ್ಲ, ತೆಗೆಯೋ ಹಾಗಿಲ್ಲ. ಸೇರಿಸಿದರೆ ಸೀಸನ್ ಬೇರೆಯವರಿಗೆ ಹೋಗುತ್ತೆ. ಕೆಳಗಿನ ಮೂಲೆಯಲ್ಲಿ ಪ್ರಾಯೋಜಕರ ಚೌಕ ಇದೆ, ಅದೊಂದು ಮಾತ್ರ ನಿಮ್ಮದು. ಅದರಲ್ಲೂ ಜಾಹೀರಾತು ಮಾತ್ರ."

ಪ್ರಾಯೋಜಕ ನಾನೇ. ಚೌಕದಲ್ಲಿ "ಪಾಪಣ್ಣನ ಕಾಫಿ, ಕುಡಿದು ನೋಡಿ" ಎಂದಿತ್ತು. ನೋಡಿ ಕುಡಿಯುವುದು ಬೇಡ ಎಂಬುದು ವನಮಾಲಾಳ ಸಲಹೆ.

ಇನ್ನೊಂದು ನಿಯಮವೂ ಇತ್ತು. ರೇಸು ನಡೆಯುವಾಗ ಓಟಗಾರರು ಒಬ್ಬರಿಗೊಬ್ಬರು ಮಾತಾಡಬಾರದು, ಬೇರೆಯವರೂ ಅವರ ಹತ್ತಿರ ಮಾತಾಡಬಾರದು, ಸನ್ನೆ ಮಾಡಬಾರದು. ಹಜಾರದಲ್ಲಿ ಮೂವರ ನಡುವೆ ಬಟ್ಟೆಯ ಪರದೆ ಕಟ್ಟಿಸಿದ ಪ್ರಣೀತ್. ಕಾಫಿ ಕೊಡಬಹುದೇ ಎಂದು ಕೇಳಿದೆ. ಬಾಯಿ ಬಿಡದೆ ಕೊಡಬಹುದು ಎಂದ.

ರೇಸು ಶುರುವಾಯಿತು. ಸಿದ್ದಲಿಂಗಯ್ಯನವರು ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ, ಅವರ ಹಿಂದೆ ವಯಸ್ಸಿನ ಪ್ರಕಾರ ಊರು. ಹೊರಡುವ ಸಾಲಿನಲ್ಲೇ ತಿಮ್ಮಾಜಮ್ಮನ ಮುಂದಿದ್ದ ನಮ್ಮ ಇಬ್ಬರು ಹುಡುಗರು ಗುಂಡು ಹೊಡೆದ ಹಾಗೆ ಹೊರಟರು. ಹೊರಗಿನವರ ವಯಸ್ಸು ನಮಗೆ ಗೊತ್ತಿಲ್ಲ. ಗೊತ್ತಿಲ್ಲದವರನ್ನು ದಾಟಬಹುದು ಎಂದು ಸಿದ್ದಲಿಂಗಯ್ಯನವರು ಮೊದಲೇ ತೀರ್ಪು ಕೊಟ್ಟಿದ್ದರು. ಅರ್ಧ ರೇಸು ಮುಗಿಯುವ ಹೊತ್ತಿಗೆ ಕಪ್ಪು ಪಟ್ಟಿಯ ಮೇಲ್ತುದಿಯಲ್ಲಿ ಚನ್ನಕೇಶವ, ಅವನ ಕೆಳಗೆ ಮುಬಾರಕ್. ಹಜಾರದಲ್ಲಿ ಶಿಳ್ಳೆಯೋ ಶಿಳ್ಳೆ. ಪಟ್ಟಿಯ ಕಟ್ಟಕಡೆಯಲ್ಲಿ ತಿಮ್ಮಾಜಮ್ಮ. ಹಿರಿಯರ ಹೆಸರು ಎಲ್ಲರಿಗಿಂತ ಕೆಳಗೆ ಬಂದದ್ದು ಕಂಡು ಕೆಲವರು ಲೊಚಗುಟ್ಟಿದರು. ವನಮಾಲಾ ಮಾತ್ರ ಪಟ್ಟಿಯನ್ನೇ ದಿಟ್ಟಿಸುತ್ತ, ಒಂದು ಅಂಕಿ ತಪ್ಪದ ಹಾಗೆ, ಒಂದು ಹೆಸರು ತಡವಾಗದ ಹಾಗೆ ನಡೆಸುತ್ತಿದ್ದಳು. ಪ್ರಣೀತ್ ಪಕ್ಕದಲ್ಲಿ ಕೂತು ತಲೆದೂಗುತ್ತಿದ್ದ. ಎಲ್ಲದಕ್ಕೂ ತಡವಾಗಿ ಬರುವ ಹೆಂಗಸು ಇವಳೇನಾ ಎಂದು ನನಗೇ ಹೆಮ್ಮೆಯಾಯಿತು.

ಮುಂದಾಗುವುದನ್ನು ಅವಳು ನನಗಿಂತ ಮೊದಲೇ ಕಂಡಳು. ಸುತ್ತು ಹಾಕಿ ಬಂದ ಚನ್ನಕೇಶವನ ಮುಂದೆ, ರಸ್ತೆಯ ನಟ್ಟನಡುವೆ, ಒಂದು ಹಸಿರು ಕಾರು ಹೂವಿನಂಗಡಿಗೆ ಹೊರಟಿತ್ತು.

ಚನ್ನಕೇಶವ ಬ್ರೇಕು ಹಾಕಿದ. ಅವನ ಹಿಂದೆ ಮುಬಾರಕ್ ಬ್ರೇಕು ಹಾಕಿದ. ತಿಮ್ಮಾಜಮ್ಮನ ಹೆಸರಿನ ಪಕ್ಕ ನೀಲಿ ಬಾವುಟ ಪಟಪಟ ಹಾರಿತು. ಹುಡುಗರು ಬಾವುಟ ನೋಡಲಿಲ್ಲ. ಇಲ್ಲದ ದೀಪ ಹುಡುಕುತ್ತಿದ್ದರು. ಪರದೆಯ ಹಿಂದಿನಿಂದ ಚನ್ನಕೇಶವ ಕೆಮ್ಮುವುದು ನನಗೆ ಕೇಳಿಸಿತು. ಹೆಡ್‌ಫೋನು ಹಾಕಿಕೊಂಡು, ನಿಯಮವಿದ್ದರೂ, ಅಭ್ಯಾಸಬಲದಿಂದ ಕೆಮ್ಮುತ್ತಿದ್ದ, ಪಾಪ!

"ಏನಾಯ್ತು ಇವರಿಗೆ? ದಾಟಬಹುದಲ್ಲ!" ಎಂದ ಪ್ರಣೀತ್.

"ದಾಟಲ್ಲ ಸರ್" ಎಂದಳು ವನಮಾಲಾ.

ಹೊರಗಿನ ಕಾರೊಂದು ಹಿಂದಿನಿಂದ ಬಂದು ಮೂವರನ್ನೂ ಒಂದೇ ಉಸಿರಿಗೆ ದಾಟಿ ಹೋಯಿತು. ಆಮೇಲೆ ಇನ್ನೊಂದು. ಪಟ್ಟಿಯಲ್ಲಿ ನಮ್ಮ ಹೆಸರುಗಳು ಒಂದೊಂದೇ ಮೆಟ್ಟಿಲು ಇಳಿಯತೊಡಗಿದವು. ಮೊದಲ ಮೂರರಲ್ಲಿ ನಮ್ಮವರೊಬ್ಬರು ಇಲ್ಲದಿದ್ದರೆ ಲೀಗಿನಲ್ಲಿ ನಮ್ಮೂರಿಗೆ ಜಾಗವಿಲ್ಲ, ನಮ್ಮೂರಿಗೆ ಜಾಗವಿಲ್ಲದಿದ್ದರೆ ವನಮಾಲಾಳ ಸೀಸನ್ನೂ ಇಲ್ಲ. ಹುಡುಗರು ದಾಟಬೇಕಿತ್ತು ಎಂದು ಯಾರಾದರೂ ಹೇಳಿದರೆ ಕೇಳಿ. ಹೇಗೆ ದಾಟುತ್ತಾರೆ? ನಾವೇ ಹಾಗೆ ಬೆಳೆಸಿದ್ದೇವೆ.

ನಾನು ಕಾಫಿ ಹಿಡಿದು ತಿಮ್ಮಾಜಮ್ಮನ ಪರದೆಯೊಳಗೆ ಹೋದೆ. ಬೇಕೆಂದೇ ಹೋದೆ. ಆಕೆಯ ಮುಖ ನೋಡಿದರೆ ಏನಾದರೂ ತಿಳಿಯಬಹುದೆಂದು. ಆಕೆ ನನ್ನ ಕಡೆ ತಿರುಗಲಿಲ್ಲ. ಎರಡು ಕೈಯಲ್ಲೂ ಸ್ಟೇರಿಂಗನ್ನು ರೊಟ್ಟಿ ಹಿಟ್ಟಿನ ಹಾಗೆ ಅಮುಕಿ ಹಿಡಿದಿದ್ದರು. ಕಣ್ಣು ಸಣ್ಣ ಪರದೆಯ ಮೇಲೆ. ಅಲ್ಲಿ "ಹಿಂದೆ: ಚನ್ನಕೇಶವ" ಎಂದಿತ್ತು, ತೀರಾ ಹತ್ತಿರದ ಅಂತರ. ಕೆಂಪು ಗುಂಡಿಗೂ ಆಕೆಯ ಹೆಬ್ಬೆರಳಿಗೂ ಒಂದು ಗೇಣು ದೂರ. ನಾನು ಲೋಟ ಇಟ್ಟು ಅಲ್ಲೇ ನಿಂತೆ.

ನಿಂತಿದ್ದಾಗಲೇ ಆ ಸಣ್ಣ ಪರದೆಯ ಕೆಳಗಿನ ಮೂಲೆ ಚೆಂಡುಹೂವಿನ ಬಣ್ಣಕ್ಕೆ ತಿರುಗಿತು. ನನ್ನ ಕಾಫಿಯ ಹೆಸರಿದ್ದ ಚೌಕದಲ್ಲಿ ಈಗ ಹೀಗಿತ್ತು: "ಅಪ್ಪಣೆ ಆಗಿದೆ. ಹೋಗಿ ಬನ್ನಿ."

ಆಕೆಯ ಕೈ ನೋಡಿದೆ. ಹೆಬ್ಬೆರಳು ಅಲ್ಲಾಡಿರಲಿಲ್ಲ. ತಿಮ್ಮಾಜಮ್ಮ ಆ ಅಕ್ಷರವನ್ನು ನೋಡಿದರು, ಚೆನ್ನಾಗಿಯೇ ನೋಡಿದರು. ಒಂದು ಕ್ಷಣ ತುಟಿ ಬಿಗಿಯಾಯಿತು. ಆಮೇಲೆ ಹಸಿರು ಕಾರನ್ನು ಮೆಲ್ಲಗೆ ಎಡಕ್ಕೆ ಎಳೆದುಕೊಂಡರು.

ಹುಡುಗರಿಬ್ಬರೂ ಕೈಮುಗಿದು (ಈ ಸಲ ಒಂದೇ ಕೈಯಲ್ಲಿ) ಹಾರಿಹೋದರು. ನಾನು ಹೊರಗೆ ಬಂದಾಗ ಪ್ರಣೀತ್ ಹುಬ್ಬು ಗಂಟಿಕ್ಕಿ ಚೌಕದ ಕಡೆ ಬೆರಳು ತೋರಿಸುತ್ತಿದ್ದ. "ಮೇಡಂ, ಇದೇನು? ಇದು ಜಾಹೀರಾತಾ?"

ವನಮಾಲಾ ನನ್ನ ಕಡೆ ನೋಡಿದಳು. ಅವಳ ಪರವಾಗಿ ನನ್ನ ಬಾಯಿ ತಾನಾಗಿ ತೆರೆಯಿತು. "ನಂದೇ ಸಾರ್. ಹೊಸಾ ಜಾಹೀರಾತು."

"ಇದರಲ್ಲಿ ಕಾಫಿ ಎಲ್ಲಿದೆ?"

"ಅದೇ ಸಾರ್ ಅದ್ರ ಮಜಾ. ಕಾಫಿ ಎಲ್ಲಿದೆ ಅಂತ ಜನ ಹುಡುಕ್ಕೊಂಡು ಬರ್ಬೇಕು."

ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಬಣ್ಣ ಸ್ವಲ್ಪ ಜಾಸ್ತಿ ಆಯ್ತು" ಎಂದಷ್ಟೇ ಹೇಳಿ ರೇಸಿನ ಕಡೆ ತಿರುಗಿದ. ಚನ್ನಕೇಶವ ಎರಡನೆಯವನಾಗಿ ಮುಗಿಸಿದ. ಮುಬಾರಕ್ ಐದನೆಯವನು. ಪ್ರಣೀತ್ ವನಮಾಲಾಳ ಕೈ ಕುಲುಕಿ, ಸೀಸನ್ ನಿಮ್ಮದೇ ಎಂದ.

ಅವಳು ನಗಲಿಲ್ಲ. ಯಾಕೆಂದರೆ ಮುಂದಿನ ಸಾಲಿನಲ್ಲಿ ಸಿದ್ದಲಿಂಗಯ್ಯನವರು ಕೋಲೂರಿಕೊಂಡು ಎದ್ದು ನಿಂತಿದ್ದರು. ಕಿವಿ ಮಂದವೇ ಹೊರತು ಕಣ್ಣಲ್ಲ.

"ಇವತ್ತು ಅಪ್ಪಣೆ ದೀಪಾನೇ ಇಲ್ಲ ಅಂತ ಆ ಹುಡುಗ ಮೊದ್ಲೇ ಹೇಳಿದ್ನಂತೆ" ಎಂದರು, ಪ್ರಣೀತ್ ಕಡೆ ಕೋಲು ತೋರಿಸಿ. "ಹಾಗಾದ್ರೆ ತಿಮ್ಮಾಜಮ್ಮನ ಅಪ್ಪಣೆ ಆಗಿದೆ ಅಂತ ಬರೆದೋರು ಯಾರು? ಆಕೆ ಜನ್ಮದಲ್ಲಿ ಯಾರಿಗಾದ್ರೂ ಅಪ್ಪಣೆ ಕೊಟ್ಟಿದ್ದುಂಟಾ?"

ವನಮಾಲಾ ಮೇಜಿನ ಮೇಲೆ ಕೈಯೂರಿ ಎದ್ದಳು. ನಾನೇ ಬರೆದೆ ಎನ್ನಲು ಹೊರಟಿದ್ದಳು ಎಂಬುದು ಅವಳು ಎದ್ದ ರೀತಿಯಲ್ಲೇ ತಿಳಿಯುತ್ತಿತ್ತು. ಒಂದು ವರ್ಷ ಎಲ್ಲರ ಹಿಂದೆ. ಅಂಬೆಗಾಲಿನ ಮಕ್ಕಳ ಹಿಂದೆ ನಡೆಯುವವಳು ಯಾವ ರೇಸಿಗೆ ಸಮಯಕ್ಕೆ ಸರಿಯಾಗಿ ಮುಟ್ಟಿಯಾಳು? ಸೀಸನ್ನು ಕೈಗೆ ಬಂದ ಗಳಿಗೆಯಲ್ಲೇ ಹೋಗುತ್ತಿತ್ತು.

ಅಷ್ಟರಲ್ಲಿ ಪರದೆ ಸರಿಸಿಕೊಂಡು ತಿಮ್ಮಾಜಮ್ಮ ಹೊರಗೆ ಬಂದರು. ಹೆಡ್‌ಫೋನು ಕುತ್ತಿಗೆಗೆ ಸರದ ಹಾಗೆ ಜೋತುಬಿದ್ದಿತ್ತು. ಕೈಯಲ್ಲಿ ನನ್ನ ಕಾಫಿ, ಮುಟ್ಟಿದ್ದರ ಗುರುತಿಲ್ಲ.

"ಅಪ್ಪಣೆ ನಾನೇ ಕೊಟ್ಟಿದ್ದು" ಎಂದರು. "ಗುಂಡಿ ಒತ್ತಿ ಒತ್ತಿ ಬೆರಳು ನೋವು ಬಂತು. ದೀಪ ಹತ್ಲಿಲ್ಲ. ಟಕಟಕ ಅನ್ನೋ ಸದ್ದು ನನ್ನ ಸೊಸೆಗೆ ಕೇಳಿಸ್ತು, ಬರೆದ್ಳು. ಅವ್ಳ ಕೆಲ್ಸ ಅವ್ಳು ಮಾಡಿದಾಳೆ. ಅದ್ರಲ್ಲಿ ಏನು ತಪ್ಪು?"

ಸಿದ್ದಲಿಂಗಯ್ಯನವರು ಕಣ್ಣು ಕಿರಿದಾಗಿಸಿದರು. "ನೀನು? ಅಪ್ಪಣೆ ಕೊಟ್ಯಾ?"

"ಯಾಕೆ, ನಾನು ಕೊಡಬಾರ್ದಾ? ಪಾಪಣ್ಣ ಅಲ್ಲೇ ನಿಂತಿದ್ದ. ಕೇಳಿ ಅವ್ನನ್ನ."

ಇಡೀ ಊರು ನನ್ನ ಕಡೆ ತಿರುಗಿತು. ವನಮಾಲಾ ಕೂಡ. ಒಂದು ಗೇಣು ದೂರವಿದ್ದ ಆ ಹೆಬ್ಬೆರಳು ನನ್ನ ಕಣ್ಣ ಮುಂದೆಯೇ ಇತ್ತು. "ಹೌದು ಸ್ವಾಮಿ, ಒತ್ತಿದ್ರು" ಎಂದೆ. "ಲೋಟದಲ್ಲಿದ್ದ ಕಾಫಿ ಅಲ್ಲಾಡ್ತಿತ್ತು, ಅಷ್ಟು ಜೋರಾಗಿ." ಅಷ್ಟು ಹೇಳುವ ಅಗತ್ಯವಿರಲಿಲ್ಲ, ಆದರೆ ನಾನು ಕಾಫಿಯನ್ನೇ ಅಳತೆ ಮಾಡಿ ಕೊಟ್ಟವನಲ್ಲ, ಸುಳ್ಳನ್ನು ಹೇಗೆ ಅಳೆದು ಕೊಡಲಿ?

ಸಿದ್ದಲಿಂಗಯ್ಯನವರು ಅತ್ತೆಯನ್ನು ನೋಡಿದರು, ಸೊಸೆಯನ್ನು ನೋಡಿದರು. ಆಮೇಲೆ "ಹಿರಿಯರು ಕೊಟ್ಟೆ ಅಂದ್ಮೇಲೆ ಕೊಟ್ಟಂಗೆ" ಎಂದು ಕೂತರು. ತಿಮ್ಮಾಜಮ್ಮ ಕಾಫಿ ನನ್ನ ಕೈಗೆ ವಾಪಸು ಕೊಟ್ಟು, "ತಣ್ಣಗಾಗಿದೆ" ಎಂದರು. ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಹೋಟೆಲಿನ ಬಾಗಿಲಿಗೆ ನೀರು ಹಾಕುತ್ತಿದ್ದೆ. ಅತ್ತೆ ಮುಂದೆ, ಸೊಸೆ ಹಿಂದೆ, ಎಂದಿನ ಹಾಗೆ ಬಂದರು. ವನಮಾಲಾ ಕೆಮ್ಮಲಿಲ್ಲ. ತಲೆ ತಗ್ಗಿಸಿಕೊಂಡು ಬರುತ್ತಿದ್ದಳು. ನನ್ನ ಹೋಟೆಲಿನ ಮುಂದೆ ತಿಮ್ಮಾಜಮ್ಮ ನಿಂತರು.

"ಅತ್ತೆ" ಎಂದಳು ವನಮಾಲಾ, ತಡೆಯಲಾರದೆ. "ನಿನ್ನೆ ನೀವು ಗುಂಡಿ ಒತ್ತಿರ್ಲಿಲ್ಲ. ಸದ್ದು ನಂಗೆ ಕೇಳಿಸ್ಲಿಲ್ಲ. ನಾನೇ ಕದ್ದು ಬರೆದದ್ದು. ತಪ್ಪಾಯ್ತು."

"ಗೊತ್ತು ಕಣೇ" ಎಂದರು ಆಕೆ. "ನನ್ನ ಬೆರಳು ಎಲ್ಲಿತ್ತು ಅಂತ ನಂಗೆ ಗೊತ್ತಿಲ್ವಾ?"

"ಮತ್ತೆ ಯಾಕೆ..."

ತಿಮ್ಮಾಜಮ್ಮ ಬೀದಿಯ ಉದ್ದಕ್ಕೂ ನೋಡಿದರು. ಮುದುಕಿ ಜಗಳ ತೆಗೆಯುತ್ತಾರೆ ಎಂದುಕೊಂಡು ನಾನು ಚೊಂಬು ಕೆಳಗಿಟ್ಟೆ. ಆದರೆ ಆಕೆಯ ದನಿ ಸಣ್ಣದಾಗಿತ್ತು. "ನಿಮ್ಮ ಮಾವ ಮೂಟೆ ಹೊತ್ತು ಮುಂದೆ ಹೋಗೋರು. ಈಗ ಮಗನೂ ಮುಂದೆ ಹೋಗ್ತಾನೆ. ಮುಂದೆ ಹೋದೋರ ಬೆನ್ನು ತಿರುವಿನಲ್ಲಿ ಮಾಯ ಆಗೋದು ನೋಡಿ ನೋಡಿ ನಂಗೆ ಸಾಕಾಗಿದೆ. ನೀನು ಹಿಂದೆ ಬರ್ತಿದ್ರೆ ನಿನ್ನ ಚಪ್ಪಲಿ ಸದ್ದು ಕೇಳುತ್ತೆ. ಕೆಮ್ಮು ಕೇಳುತ್ತೆ. ಒಬ್ಳೇ ಅಲ್ಲ ಅನ್ಸುತ್ತೆ. ಅಷ್ಟೇನೇ. ಇನ್ನೇನೂ ಇಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡು, ಇದ್ದಕ್ಕಿದ್ದ ಹಾಗೆ ಹಳೆಯ ದನಿಯಲ್ಲಿ ಗದರಿದರು: "ಈಗ ನಿಂಗೆ ದೊಡ್ಡ ಕೆಲ್ಸ ಬಂದಿದೆ. ಹೊತ್ತಿಗೆ ಸರಿಯಾಗಿ ಹೋಗ್ಬೇಡ್ವಾ? ಹೋಗಿ ಬಾ. ಅಪ್ಪಣೆ ಆಗಿದೆ. ಪಾಪಣ್ಣ, ನೀನೂ ಕೇಳಿಸ್ಕೊಂಡ್ಯಲ್ಲ, ಈ ಸಲ ಸುಳ್ಳು ಹೇಳೋ ಹಾಗಿಲ್ಲ."

ಹಿಂದಿನವರ ಹೆಸರು ದೊಡ್ಡದು ಮಾಡು ಎಂದು ಆಕೆ ಪೀಡಿಸಿದ್ದು ಯಾಕೆಂದು ನನಗೆ ಆಗ ತಿಳಿಯಿತು. ವನಮಾಲಾಳಿಗೂ ತಿಳಿದಿರಬೇಕು. ಅವಳು ಅತ್ತೆಗೆ ಕೈಮುಗಿದಳು. ಆಮೇಲೆ ದಾಟಿದಳು. ಮೊದಲ ಹೆಜ್ಜೆಗಳು ತಪ್ಪುತ್ತಿದ್ದವು, ಮುಂದೆ ಬೆನ್ನಿಲ್ಲದ ಬೀದಿ ಅವಳಿಗೆ ಅಭ್ಯಾಸವಿರಲಿಲ್ಲ. ನಾಲ್ಕು ಅಂಗಡಿ ದಾಟುವಷ್ಟರಲ್ಲಿ ಅವಳ ನಡಿಗೆ ಕುದುರಿತು. ಬೀದಿ ತಿರುಗುವ ಕಡೆ, ಕಣ್ಣಿಗೆ ಕಾಣದಂತಾಗುವ ಮೊದಲು, ನಿಂತು, ಹಿಂದಕ್ಕೆ ತಿರುಗಿ, ಊರಿಗೆಲ್ಲ ಕೇಳುವ ಹಾಗೆ ಕೂಗಿದಳು:

"ಅತ್ತೇ! ನಾನು ಬಾವಿಕಟ್ಟೆ ಹತ್ರ! ನೀವೆಲ್ಲಿ?"

ತಿಮ್ಮಾಜಮ್ಮ ಬೆಚ್ಚಿಬಿದ್ದರು. ಅಕ್ಕಪಕ್ಕ ನೋಡಿದರು, ನಾಚಿಕೆಯಾಗಿತ್ತು. "ಪಾಪಣ್ಣನ ಹೋಟ್ಲು!" ಎಂದು ಕೂಗಿದರು.

ಈಗ ದಿನವೂ ಹೀಗೇ. ಪ್ರತಿ ಬೆಳಿಗ್ಗೆ ಪೇಟೆಬೀದಿಯ ಉದ್ದಕ್ಕೂ ಇವರಿಬ್ಬರ ಪ್ರಸಾರ. "ಹೂವಿನಂಗಡಿ ಅತ್ತೇ!" "ನಾನಿನ್ನೂ ಸೊಪ್ಪಿನವಳ ಹತ್ರ, ನಡಿ ನಡಿ!" ಕಿವಿ ಮಂದವಿದ್ದ ಸಿದ್ದಲಿಂಗಯ್ಯನವರಿಗೂ ಕೇಳಿಸುತ್ತದಂತೆ. ವನಮಾಲಾ ಅಂಗಡಿ ಬಾಗಿಲು ಹೊತ್ತಿಗೆ ಸರಿಯಾಗಿ ತೆಗೆಯುತ್ತಾಳೆ. ನನ್ನ ಚೌಕದಲ್ಲಿ ಆ ಹೊಸ ಜಾಹೀರಾತು ಹಾಗೇ ಉಳಿದುಕೊಂಡಿದೆ. "ಹೋಗಿ ಬನ್ನಿ" ಎಂದು ಓದಿ ಅರ್ಧ ಗಿರಾಕಿಗಳು ಎದ್ದು ಹೋಗುತ್ತಾರೆ, ವನಮಾಲಾಳಿಗೆ ತೆಗೆಯೇ ಎಂದರೆ ಕೇಳುವುದಿಲ್ಲ. ಸಂಜೆ ಅತ್ತೆ ಮನೆಗೆ ಹೊರಟಾಗ ಮಾತ್ರ ಅವಳು ಕೆಲಸ ಬಿಟ್ಟು ಎದ್ದು ಬರುತ್ತಾಳೆ. ಅಪ್ಪಣೆ ಇದ್ದರೂ ದಾಟುವುದಿಲ್ಲ. ತಿಮ್ಮಾಜಮ್ಮನ ಹಿಂದೆ, ಚಪ್ಪಲಿಯನ್ನು ಬೇಕೆಂದೇ ಸ್ವಲ್ಪ ಜೋರಾಗಿ ಎಳೆದುಕೊಂಡು ನಡೆಯುತ್ತಾಳೆ.